ಮೇಣ ತುಂಬದ ತೂತುಗಳು

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರಗಳು.

ನಾನು ಕ್ಷೇಮ. ಬರೀ ಕ್ಷೇಮ ಅಂದರೆ ಕಮ್ಮಿಯಾಯಿತು, ಮೂವತ್ತೊಂಬತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ನಿದ್ದೆ ಮಾಡಿದ್ದಿಲ್ಲ. ನಿನ್ನ ಮಂಡಿ ಹೇಗಿದೆ? ಅತ್ತಿಗೆಯ ಬಿ.ಪಿ. ಹತೋಟಿಯಲ್ಲಿದೆ ತಾನೆ? ಈ ಪತ್ರವನ್ನು ಅವರು ಮಾತ್ರೆ ನುಂಗಿದ ಮೇಲೆ ಓದಿ ಹೇಳು.

ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ. ನಿನ್ನ ಮೂರು ಪತ್ರಗಳೂ ತಲುಪಿವೆ. ಮೊದಲನೆಯದರಲ್ಲಿ ನನ್ನ ಕಣ್ಣಿನ ಪೊರೆಯ ಆಪರೇಷನ್ ಏನಾಯಿತೆಂದು ಕೇಳಿದ್ದೆ. ಎರಡನೆಯದರಲ್ಲಿ, ನೀನು ಬೆಟ್ಟದವರ ಜೊತೆ ಓಡಾಡುತ್ತಿದ್ದೀಯ ಎಂದು ಯಾರೋ ಹೇಳಿದರು, ಸುಳ್ಳು ತಾನೆ, ಎಂದು ಬರೆದಿದ್ದೆ. ಮೂರನೆಯದು ನಾಲ್ಕೇ ಸಾಲು, ಅದರಲ್ಲಿ ಎರಡು ಸಲ ‘ಮನೆತನದ ಮರ್ಯಾದೆ’. ಮೂರಕ್ಕೂ ಸೇರಿಸಿ ಇದೊಂದೇ ಉತ್ತರ. ಪೊರೆ ತೆಗೆದಾಯಿತು, ಕಣ್ಣು ಚೆನ್ನಾಗಿ ಕಾಣುತ್ತದೆ. ಓಡಾಡುತ್ತಿರುವುದು ನಿಜ. ಮರ್ಯಾದೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸೋಮವಾರ ನಿನ್ನ ಮನೆಗೆ ಬೆಟ್ಟದವರ ಕೂಟದಿಂದ ಒಂದು ನೋಟೀಸು ಬರುತ್ತದೆ. ಅದರಲ್ಲಿ ಏನಿದೆ ಎಂಬುದನ್ನು ನಿನ್ನ ಲಾಯರು ಬಾಯಿಗೆ ಬೆಣ್ಣೆ ಹಚ್ಚಿಕೊಂಡು ಹೇಳುವ ಮೊದಲು ನನ್ನಿಂದ ಕೇಳಬೇಕು ಎಂದು ಇದನ್ನು ಬರೆಯುತ್ತಿದ್ದೇನೆ. ಕರುಣೆಯಿಂದ ಅಂದುಕೊಳ್ಳಬೇಡ. ಆಸೆಯಿಂದ.

ಕಳೆದ ಜೂನ್‌ನಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಮನೆಗೆ ಬಂದರು. ಅವರು ಪೇಟೆಯವರ ‘ಬೆಂಬಲ ಸಮಿತಿ’ಯ ಅಧ್ಯಕ್ಷರು. ಸಮಿತಿಯಲ್ಲಿ ಆರು ಜನ, ಬ್ಯಾನರು ಒಂಬತ್ತು. ಸರೋವರದ ಮೂಡಣ ದಂಡೆ ಮೊದಲಿಂದ ಬೆಟ್ಟದವರದ್ದು, ಅದನ್ನು ‘ಖಾಲಿ ಜಾಗ’ ಎಂದು ಬರೆದು ಅಧಿಕಾರಿಗಳು ಹಂಚಿಕೊಂಡರು, ಈಗ ವಿಚಾರಣಾ ಆಯೋಗ ಕೂತಿದೆ, ನೀವು ಆಗ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದಿರಲ್ಲ, ಏನಾದರೂ ಗೊತ್ತಿದೆಯೇ ಎಂದು ಕೇಳಿದರು. ಅವರ ಕೈಯಲ್ಲಿದ್ದ ಹಂಚಿಕೆಯ ಪಟ್ಟಿಯಲ್ಲಿ ನಿನ್ನ ಹೆಸರು ಮೂರನೆಯದು. ‘ನಿಮಗೆ ಸಂಬಂಧವೇ?’ ಅಂದರು. ‘ಒಂದೇ ತಾಯಿಯ ಹೊಟ್ಟೆ’ ಅಂದೆ. ಮೇಷ್ಟ್ರಿಗೆ ಟೀ ಗಂಟಲಲ್ಲೇ ನಿಂತಿತು.

ಅಣ್ಣಾ, ಸತ್ಯ ಹೇಳುತ್ತೇನೆ. ಆವತ್ತು ನನಗೆ ಬೆಟ್ಟದವರ ನೆಲದ ಚಿಂತೆ ಇರಲಿಲ್ಲ. ನಿನ್ನನ್ನು ಬೀಳಿಸುವ ದಾರಿ ಕಾಲಬುಡಕ್ಕೇ ಬಂತಲ್ಲ ಎಂಬ ಖುಷಿ. ಮುಂದಿನ ಭಾನುವಾರವೇ ಮೇಷ್ಟ್ರ ಜೊತೆ ಬೆಟ್ಟದ ಮೇಲಿನ ಅವರ ಸಭಾಮನೆಗೆ ಹೋದೆ. ಮೆಟ್ಟಿಲು ಅರವತ್ತೆರಡು, ಎಣಿಸಿದ್ದೇನೆ. ನಿನಗೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಉದ್ದನೆಯ ಕೋಣೆ, ತಗಡಿನ ಮಾಡು, ಗೋಡೆಗುಂಟ ಬೆಂಚು. ಮೂವತ್ತು ಜನ ಕೂತಿದ್ದರು. ಮೇಷ್ಟ್ರು ನನ್ನನ್ನು ಎದ್ದು ನಿಲ್ಲಿಸಿ ‘ಇವರೇ ನಮ್ಮ ಬ್ರಹ್ಮಾಸ್ತ್ರ’ ಅಂದರು. ನಾನೂ ಬಾಯಿಗೆ ಬಂದಂತೆ ಮಾತಾಡಿದೆ. ನೀನು ಹೇಗೆ ಗಡಿಕಲ್ಲು ಕೀಳಿಸಿದೆ, ಹೇಗೆ ಅಳತೆ ಪುಸ್ತಕ ಸುಟ್ಟು ‘ಗೆದ್ದಲು ತಿಂದಿತು’ ಎಂದು ವರದಿ ಬರೆದೆ, ಹೇಗೆ ನಕ್ಷೆಯಿಂದ ಅವರ ಗಡಿಗೆರೆ ಹೆರೆಸಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯನ್ನು ಚಪ್ಪರಿಸಿಕೊಂಡು ಹೇಳಿದೆ. ನಿನ್ನನ್ನು ಜೈಲಿಗೆ ಹಾಕಿಸಿಯೇ ತೀರುತ್ತೇನೆ ಎಂದು ಮುಗಿಸಿದೆ. ಸಮಿತಿಯವರು ಚಪ್ಪಾಳೆ ತಟ್ಟಿದರು. ಬೆಂಚಿನ ಮೇಲಿನವರು ಯಾರೂ ತಟ್ಟಲಿಲ್ಲ.

ಅವರ ಕೂಟಕ್ಕೆ ಹಿರಿಯಳು ಒಬ್ಬ ನಿವೃತ್ತ ನರ್ಸು. ಎಲ್ಲರೂ ನರ್ಸಮ್ಮ ಅನ್ನುತ್ತಾರೆ. ನಿನಗೆ ಗುರುತು ಹೇಳಬೇಕೆಂದರೆ, ನಿನ್ನ ಅಳತೆ ತಂಡದಲ್ಲಿ ಸರಪಳಿ ಹಿಡಿಯುತ್ತಿದ್ದನಲ್ಲ, ಕಳ್ಳ ಎಂದು ವಜಾ ಮಾಡಿದೆಯಲ್ಲ, ಅವನ ತಂಗಿ. ಆಗ ಎರಡು ಜಡೆ ಹಾಕಿಕೊಂಡು ಅಣ್ಣನಿಗೆ ಬುತ್ತಿ ತಂದುಕೊಡುತ್ತಿದ್ದವಳು. ಅವಳು ಕನ್ನಡಕ ಒರೆಸಿಕೊಂಡು ಕೇಳಿದಳು:

“ಆಯ್ತಾ ಅಮ್ಮಾ? ಇನ್ನೂ ಏನಾದ್ರೂ ಉಳಿದಿದ್ಯಾ?”

“ಇಷ್ಟೇ,” ಅಂದೆ.

“ಗೆರೆ ಹೆರೆಸಿದ್ದು ನಿಮ್ಮಣ್ಣ ಅಂದ್ರಿ. ಸರಿ. ಹೆರೆದದ್ದು ಯಾರು?”

ನಾನು ಸೀರೆಯ ಅಂಚು ನೋಡಿಕೊಂಡು, “ನಾನು,” ಅಂದೆ.

“ಹೂಂ. ಹಾಗಾದ್ರೆ ಕೂತ್ಕೊಳ್ಳಿ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಮನೆ ಹೋಯ್ತು, ದಂಡೆ ಹೋಯ್ತು, ಹೂತ ಹಿರೀಕರ ಮೇಲೆ ನಿಮ್ಮೋರು ಹೂವಿನ ಗಿಡ ಹಾಕಿದ್ರು. ಈಗ ನಿಮ್ಮ ಅಣ್ಣ-ತಂಗಿ ಜಗಳ ಆಡೋಕೂ ನಮ್ಮ ಜಾಗಾನೇ ಬೇಕಾ?”

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಮೇಷ್ಟ್ರು ಎದ್ದು, ತಪ್ಪು ತಿಳೀಬೇಡಿ, ನಾವೆಲ್ಲ ನಿಮ್ಮ ಪರವಾಗಿ ಮಾತಾಡೋಕೆ ಬಂದಿದ್ದೀವಿ, ಎಂದು ಶುರು ಮಾಡಿದರು. “ನಮಗೂ ಬಾಯಿದೆ ಮೇಷ್ಟ್ರೇ,” ಅಂದಳು ನರ್ಸಮ್ಮ. “ಮಾತಾಡೋಕೆ ಜನ ಬೇಕಾಗಿಲ್ಲ. ನೋಟೀಸಿನ ನಕಲು ಮಾಡೋಕೆ, ವಿಚಾರಣೆ ದಿನ ಮುದುಕರನ್ನ ಕಾರಲ್ಲಿ ಕರ್ಕೊಂಡು ಹೋಗೋಕೆ, ಹೊರಗೆ ನಿಮ್ಮೋರು ಕಲ್ಲು ಹೊಡೆಯೋಕೆ ಬಂದ್ರೆ ಬಾಗಿಲಲ್ಲಿ ನಿಂತ್ಕೊಳ್ಳೋಕೆ ಜನ ಬೇಕು. ಆಗುತ್ತಾ?” ಮೇಷ್ಟ್ರು ಒಳ್ಳೆಯ ಮನುಷ್ಯ. ಒಂದು ನಿಮಿಷ ಮುಖ ಸಪ್ಪೆ ಮಾಡಿ ಆಮೇಲೆ “ನನ್ನ ಕಾರಲ್ಲಿ ನಾಲ್ಕು ಜನ ಹಿಡೀತಾರೆ,” ಅಂದರು. ಆವತ್ತಿನಿಂದ ಅವರು ಭಾಷಣ ಮಾಡಿಲ್ಲ. ಒಂಬತ್ತು ಬ್ಯಾನರಿನ ಬಟ್ಟೆ ಈಗ ಸಭಾಮನೆಯ ಬೆಂಚುಗಳ ಮೇಲೆ ಹಾಸಿದೆ.

“ನಿಮಗೆ ಏನು ಬರುತ್ತೆ?” ಎಂದು ನನ್ನನ್ನು ಕೇಳಿದಳು.

“ನಕ್ಷೆ ಬರೆಯೋದು ಬಿಟ್ಟು ಇನ್ನೇನೂ ಬರಲ್ಲ.”

“ಅದೇ ಸಾಕು. ನಾವು ಹೇಳಿದ್ದನ್ನ ಬರೀರಿ. ಹೇಳದ್ದನ್ನ ಬರೀಬೇಡಿ.”

ಹೀಗೆ ಹನ್ನೊಂದು ವಾರ ಅವರ ಸಭಾಮನೆಯ ಮೂಲೆಯ ಮೇಜಿನಲ್ಲಿ ಕೂತೆ. ಒಬ್ಬೊಬ್ಬ ಮುದುಕ, ಮುದುಕಿ ಬಂದು ಪಕ್ಕದಲ್ಲಿ ಕೂತು ಹೇಳುವುದು: ಇಲ್ಲಿ ದೋಣಿ ಕಟ್ಟುತ್ತಿದ್ದ ಬಂಡೆ, ಇಲ್ಲಿ ಹೆರಿಗೆ ಮನೆ, ಇಲ್ಲಿಂದ ಅಲ್ಲಿವರೆಗೆ ಇಂಥ ಮನೆತನದ ಮೀನಿನ ಪಾಲು. ನಾನು ಬರೆಯುವುದು. ಅವರು ಬೇಡ ಅಂದರೆ ಅಳಿಸುವುದು. ಕೆಲವು ಜಾಗ ಬಂದಾಗ ಅವರವರೇ ಮುಖ ನೋಡಿಕೊಂಡು ಸುಮ್ಮನಾಗುತ್ತಿದ್ದರು, ನಾನೂ ಅಲ್ಲಿ ಬಿಳಿ ಬಿಟ್ಟು ಮುಂದೆ ಹೋಗುತ್ತಿದ್ದೆ. ಒಂದು ದಿನ ಮೇಷ್ಟ್ರು ಬಗ್ಗಿ ನೋಡಿ, ಇಲ್ಲೇಕೆ ಖಾಲಿ, ಏನಿದೆ ಅಲ್ಲಿ, ಅಂದರು. “ಅವರು ನಮಗೆ ಹೇಳದ್ದು ಇದೆ,” ಅಂದೆ. ಕೊನೆಯಲ್ಲಿ, ಮೂವತ್ತು ವರ್ಷದ ಚಾಳಿ ನೋಡು, ಬಲ ಮೂಲೆಯಲ್ಲಿ ಸಹಿ ಹಾಕಲು ಪೆನ್ನು ಊರಿದೆ. ನರ್ಸಮ್ಮ ನನ್ನ ಕೈ ಹಿಡಿದಳು. “ಇದು ನಿಮ್ಮದಲ್ಲ,” ಅಂದಳು. ಹೌದಲ್ಲ ಅನ್ನಿಸಿತು. ನಿನ್ನ ಆ ನಕ್ಷೆಯ ಮೂಲೆಯಲ್ಲಿ ಇದ್ದದ್ದೂ ನನ್ನದೇ ಸಹಿ.

ಈಗ ನಿನ್ನ ಸೋಲಿಗೆ ಬರೋಣ. ಇದನ್ನು ನಿಧಾನವಾಗಿ ಓದು.

ನೀನು ಬಯಲಿನವನು ಅಣ್ಣಾ, ನಾನು ಮೇಜಿನವಳು. ನೀನು ಅಳೆದು ತಂದ ಪ್ರತಿ ಗಡಿಕಲ್ಲಿಗೂ ನಾನು ನಕ್ಷೆಯ ದಪ್ಪ ಕಾಗದದಲ್ಲಿ ಸೂಜಿಯಿಂದ ಒಂದು ತೂತು ಚುಚ್ಚುತ್ತಿದ್ದೆ, ಆಮೇಲೆ ತೂತಿನಿಂದ ತೂತಿಗೆ ಮಸಿಯ ಗೆರೆ ಎಳೆಯುತ್ತಿದ್ದೆ. ಗೆರೆ ತಪ್ಪಾದರೆ ಬ್ಲೇಡಿನಿಂದ ಮಸಿ ಹೆರೆದು, ಮೂಳೆಯ ತುಂಡಿನಿಂದ ತಿಕ್ಕಿ ನುಣುಪು ಮಾಡುವುದು. ಅದು ನಿನಗೆ ಗೊತ್ತು, ಪಕ್ಕದಲ್ಲೇ ನಿಂತು ಮಾಡಿಸಿದವನು. ಗೊತ್ತಿಲ್ಲದ್ದು ಒಂದಿದೆ. ಹೆರೆದ ಮೇಲೆ ಕಾಗದ ಮಗುಚಿ, ಹಿಂದಿನಿಂದ ಪ್ರತಿ ತೂತಿಗೂ ಮೇಣ ತುಂಬಬೇಕು. ಇಲ್ಲದಿದ್ದರೆ ತೂತು ಹಾಗೇ ಉಳಿಯುತ್ತದೆ. ಮೇಜಿನ ಮೇಲೆ ಮಲಗಿಸಿ ನೋಡಿದರೆ ಕಾಣುವುದಿಲ್ಲ.

ಹೊಸ ನಕ್ಷೆಗೆ ಸೂಜಿ ಚುಚ್ಚುತ್ತಿದ್ದಾಗ ನರ್ಸಮ್ಮ ಇದೇನೆಂದು ಕೇಳಿದಳು. ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ನನ್ನ ಕೈ ನಿಂತುಹೋಯಿತು. ಆವತ್ತು ನಾನು ಹೆರೆದಿದ್ದೆ, ತಿಕ್ಕಿದ್ದೆ, ಕಾಗದವನ್ನು ಮಗುಚಿರಲಿಲ್ಲ.

ಫೆಬ್ರವರಿಯಲ್ಲಿ ಆಯೋಗದ ಮುಂದೆ ನನ್ನ ಸಾಕ್ಷಿ ಇತ್ತು. ಹಿಂದಿನ ದಿನ ಕೂಟದವರು ನನ್ನನ್ನು ಕೂರಿಸಿಕೊಂಡರು. ನರ್ಸಮ್ಮ ಹೇಳಿದಳು, “ಅಣ್ಣನ ವಿಷಯ ಒಂದು ಮಾತೂ ಬೇಡ. ನೀವು ಮಾಡಿದ್ದನ್ನಷ್ಟೇ ಹೇಳಿ. ನೀವು ಸೇಡು ತೀರಿಸ್ಕೊಳ್ಳೋಕೆ ಬಂದಿದ್ದೀರಿ ಅಂತ ಅವರಿಗೆ ಅನ್ನಿಸಿದ್ರೆ ನಮ್ಮ ನೆಲ ಹೋಗುತ್ತೆ.” ಎಷ್ಟು ಕಷ್ಟವಾಯಿತು ಅಂತೀಯ! ಮೂವತ್ತೊಂಬತ್ತು ವರ್ಷ ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡಿದ್ದನ್ನು ಉಗುಳುವ ದಿನ ಬಂದಾಗ, ಬಾಯಿ ಮುಚ್ಚಿಕೋ ಅಂದರೆ! ಆದರೂ ಒಪ್ಪಿದೆ. ಇಪ್ಪತ್ತು ನಿಮಿಷ ಬರೀ ನನ್ನ ಮೇಲೇ ನಾನು ಚಾಡಿ ಹೇಳಿಕೊಂಡೆ. ನಾನು ಚುಚ್ಚಿದೆ. ನಾನು ಹೆರೆದೆ. ನಾನು ಸಹಿ ಹಾಕಿದೆ. ಅಲ್ಲಿ ನುಂಗಿಕೊಂಡದ್ದೆಲ್ಲ ಈ ಪತ್ರದಲ್ಲಿದೆ, ನೀನೇ ಉಣ್ಣು.

ನಿನ್ನ ಲಾಯರು ಎಂಥ ಠೀವಿಯವನು! ದಾಖಲೆ ಕೋಣೆಯಿಂದ ತಂದ ಮೂಲ ನಕ್ಷೆಯನ್ನು ಮೇಜಿನ ಮೇಲೆ ಹರಡಿ, “ಗೆರೆ ಎಲ್ಲಿದೆ ತೋರಿಸಿ, ಈಯಮ್ಮನಿಗೆ ವಯಸ್ಸಾಗಿದೆ,” ಅಂದ. ನಾನು ನರ್ಸಮ್ಮನ ಕಡೆ ನೋಡಿದೆ. ಅವಳು ತಲೆಯಾಡಿಸಿದಳು. “ಕಿಟಕಿಗೆ ಹಿಡೀರಿ,” ಅಂದೆ.

ಇಬ್ಬರು ಗುಮಾಸ್ತರು ನಕ್ಷೆಯನ್ನು ಎತ್ತಿ ಕಿಟಕಿಗೆ ಹಿಡಿದರು. ಬೆಳಿಗ್ಗೆ ಹನ್ನೊಂದರ ಬಿಸಿಲು. ಏನೂ ಇಲ್ಲದ ಕಡೆ, ‘ಖಾಲಿ ಜಾಗ’ ಎಂದು ನೀನು ಬರೆಸಿದ ಅಕ್ಷರಗಳ ಸುತ್ತ, ಬೆಳಕಿನ ಚುಕ್ಕಿಗಳು. ಒಂದು, ಎರಡು, ಹತ್ತು. ಆಯೋಗದ ಅಧ್ಯಕ್ಷರು ಕುರ್ಚಿಯಿಂದ ಎದ್ದು ಹತ್ತಿರ ಬಂದು ಬೆರಳಿಟ್ಟು ಎಣಿಸಿದರು. ನಲವತ್ತೇಳು. ಬೆಟ್ಟದವರು ಮೂವತ್ತೊಂಬತ್ತು ವರ್ಷದಿಂದ ಪ್ರತಿ ಅರ್ಜಿಯಲ್ಲೂ ಬರೆಯುತ್ತಾ ಬಂದದ್ದು ನಲವತ್ತೇಳು ಕಲ್ಲು ಎಂದೇ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಪ್ರತಿ ಚುಕ್ಕಿಗೂ ಅದು ಯಾರ ಮನೆಯ ಕಲ್ಲು ಎಂದು ಹೇಳುತ್ತಾ ಹೋದ, ಯಾರೂ ಅವನನ್ನು ತಡೆಯಲಿಲ್ಲ. ನಿನ್ನ ಲಾಯರು ಕುಡಿಯಲು ನೀರು ಕೇಳಿದ. ಉಪ್ಪು ತಿಂದವನು ನೀನು, ನೀರು ಕುಡಿದವನು ಅವನು!

ನಿನ್ನ ಮನೆಯ ಹಾಲ್‌ನಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ್ದೀಯಲ್ಲ ಅದೇ ನಕ್ಷೆಯನ್ನು, ಅದು ಅಚ್ಚಾದ ಪ್ರತಿ. ಅಚ್ಚಿನಲ್ಲಿ ತೂತು ಬರುವುದಿಲ್ಲ. ಬಂದವರಿಗೆಲ್ಲ ತೋರಿಸಿ ಮೆರೆಯುತ್ತಿದ್ದೆ. ಇನ್ನು ಮೇಲೆ ಅದರ ಕೆಳಗೆ ಕೂತು ಕಾಫಿ ಕುಡಿಯುವಾಗಲೆಲ್ಲ ಇಪ್ಪತ್ತೆರಡನೆಯ ಕಲ್ಲನ್ನು ನೆನೆಸಿಕೋ. ಅದು ಇದ್ದದ್ದು ಸರಿಯಾಗಿ ನಿನ್ನ ವರಾಂಡದ ಎಡಗಡೆ ಕಂಬದ ಜಾಗದಲ್ಲಿ.

ಆಯೋಗದ ಆದೇಶ ನಿನಗೆ ಗೊತ್ತೇ ಇದೆ. ಮೂಡಣ ದಂಡೆ ಅವರದು. ಹಕ್ಕುಪತ್ರ ಕೊಟ್ಟು ಕೈ ತೊಳೆದುಕೊಂಡದ್ದಲ್ಲ. ಅಲ್ಲಿ ಯಾರಿರಬೇಕು, ಏನು ಕಟ್ಟಬೇಕು, ಯಾವ ನೀರು ಯಾವ ಕಡೆ ಹರಿಯಬೇಕು, ಎಲ್ಲ ಅವರ ಕೂಟದ ಮಾತಿನಂತೆ. ‘ಜಾಗ ಕೊಟ್ಟು ಯಜಮಾನಿಕೆ ನೀವೇ ಇಟ್ಕೊಂಡ್ರೆ ಅದು ವಾಪಸ್ ಕೊಟ್ಟ ಹಾಗಲ್ಲ’ ಎಂದು ನರ್ಸಮ್ಮ ಅಧ್ಯಕ್ಷರ ಮುಖಕ್ಕೇ ಹೇಳಿದ್ದಳು.

ಕಳೆದ ಭಾನುವಾರ ಕೂಟ ಸೇರಿತ್ತು, ದಂಡೆಯ ಮನೆಗಳನ್ನು ಏನು ಮಾಡುವುದೆಂದು. ನಾನು ಚಹಾ ಲೋಟ ತೊಳೆಯುತ್ತಿದ್ದೆ. ಯಾರೂ ಕೇಳದಿದ್ದರೂ ಒದ್ದೆ ಕೈಯಲ್ಲೇ ಬಂದು, “ನಮ್ಮಣ್ಣನ ಮನೆ ಮೊದಲು ಕೆಡವಿ,” ಅಂದೆ. ಬೆಂಚಿನವರೆಲ್ಲ ನಕ್ಕರು. ನರ್ಸಮ್ಮನೂ ನಕ್ಕಳು. “ಮತ್ತೆ ಶುರು ಮಾಡಿದ್ರಲ್ಲಾ! ಅದನ್ನ ತೀರ್ಮಾನ ಮಾಡೋರು ನಾವು. ನೀವು ಲೋಟ ತೊಳೀರಿ,” ಅಂದಳು. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಮನೆ ಉಳಿಸುವುದೂ ಉರುಳಿಸುವುದೂ ನನ್ನ ಕೈಯಲ್ಲಿದ್ದರೆ ಆ ನೆಲ ಮತ್ತೆ ನಮ್ಮ ಕುಟುಂಬದ್ದೇ ಆಯಿತಲ್ಲ? ಹೋಗಿ ಲೋಟ ತೊಳೆದೆ.

ಅವರ ತೀರ್ಮಾನ ಕೇಳು. ಎಪ್ಪತ್ತು ದಾಟಿದವರನ್ನು ಬೀದಿಗೆ ಹಾಕುವುದಿಲ್ಲ. ಬದುಕಿರುವವರೆಗೆ ಇರಬಹುದು, ಆಮೇಲೆ ಮನೆ ಕೂಟದ್ದು. ಆದರೆ ಒಂದು ಷರತ್ತು. ಇರಬೇಕೆನ್ನುವವರು ತಾವೇ ಬೆಟ್ಟ ಹತ್ತಿ ಬಂದು, ಕೂಟದ ಎದುರು ನಿಂತು, ‘ನಿಮ್ಮ ನೆಲದಲ್ಲಿ ಇರಬಹುದಾ?’ ಎಂದು ಬಾಯಿಬಿಟ್ಟು ಕೇಳಬೇಕು. ಲಾಯರು ಆಗದು, ಮಗ ಆಗದು, ಕಾಗದವೂ ಆಗದು.

ಮನೆ ಕೆಡವಿದ್ದರೆ ನೀನು ನಾಲ್ಕು ಜನರೆದುರು ಗೋಳಾಡಿ ಕನಿಕರ ಗಿಟ್ಟಿಸುತ್ತಿದ್ದೆ. ಇದರ ಮುಂದೆ ನನ್ನ ಸೇಡು ಯಾವ ಮೂಲೆಗೆ? ಹುಟ್ಟಿದಂದಿನಿಂದ ಯಾರನ್ನೂ ಏನನ್ನೂ ಕೇಳದೆ ಕೈಹಾಕಿ ತೆಗೆದುಕೊಂಡವನು ನೀನು. ಮುಂದಿನ ತಿಂಗಳ ಮೊದಲ ಮಂಗಳವಾರ ನಿನ್ನ ಸರದಿ. ಅರವತ್ತೆರಡು ಮೆಟ್ಟಿಲು, ಮೂವತ್ತನೆಯದರ ಹತ್ತಿರ ಕೂರಲು ಒಂದು ಕಲ್ಲುಬೆಂಚಿದೆ. ಮೇಷ್ಟ್ರ ಕಾರು ಕೆಳಗಿನವರೆಗೆ ಬರುತ್ತದೆ. ಮೇಲೆ ನಿನಗೆ ಚಹಾ ಕೊಡುವವಳು ನಾನೇ. ಸಕ್ಕರೆ ಹಾಕುವುದಿಲ್ಲ, ನಿನ್ನ ಆರೋಗ್ಯಕ್ಕೆ ಒಳ್ಳೆಯದಲ್ಲ.

ಮನೆತನದ ಮರ್ಯಾದೆ ಅಂದೆಯಲ್ಲ, ಅದು ಎಲ್ಲಾದರೂ ಮಿಕ್ಕಿದ್ದರೆ ಆ ಮೆಟ್ಟಿಲಿನ ಮೇಲೆ ಸಿಗಬಹುದು.

ಅತ್ತಿಗೆಗೆ ನಮಸ್ಕಾರ. ಅವರ ಮೇಲೆ ನನಗೆ ಕೋಪವಿಲ್ಲ. ಮೊಮ್ಮಗಳಿಗೆ ನನ್ನ ತುಂಬು ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ಯಾರ ನೆಲದ ಮೇಲೆ ನಿಂತಿದ್ದೇನೆ ಎಂದು ಕೇಳಿ ತಿಳಿದುಕೊಳ್ಳುವಷ್ಟು ಬುದ್ಧಿ ಅವಳಿಗೆ ಬರಲಿ. ನಿನಗೆ ದೀರ್ಘಾಯುಷ್ಯವಾಗಲಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ. ಆ ಮನೆಯಲ್ಲಿ, ಅವರು ಒಪ್ಪಿಗೆ ಕೊಟ್ಟ ಮೇಲೆ, ನೀನು ಬಹಳ ವರ್ಷ ಬದುಕಬೇಕು.

ಇತಿ,
ನಿನ್ನ ತಂಗಿ

ತಾ. ಕ.: ಒಂದು ವಿಷಯವನ್ನು ಆಯೋಗದ ಮುಂದೆ ಹೇಳಿಲ್ಲ, ಮೇಷ್ಟ್ರಿಗೂ ಹೇಳಿಲ್ಲ. ನಿನಗೆ ಗೊತ್ತಿದೆ, ಆದರೂ ಬರೆಯುತ್ತೇನೆ, ಕಾಗದದ ಮೇಲೆ ಒಮ್ಮೆ ಇರಲಿ.

ಸರಪಳಿ ಹಿಡಿಯುವವನನ್ನು ನಾನು ಮದುವೆಯಾಗಬೇಕೆಂದಿದ್ದೆ. ನನ್ನ ಸೂಜಿಗೆ ಮರದ ಹಿಡಿ ಕೆತ್ತಿ ಕೊಟ್ಟವನು ಅವನೇ. ಅಪ್ಪ ಒಪ್ಪಿರಲಿಲ್ಲ. ಆವತ್ತು ಮಧ್ಯಾಹ್ನ ನೀನು ಬ್ಲೇಡು ತಂದು ನನ್ನ ಮೇಜಿನ ಮೇಲಿಟ್ಟು, “ಈ ಒಂದು ಗೆರೆ ತೆಗೆದುಬಿಡು, ಅಪ್ಪನ್ನ ನಾನು ಒಪ್ಪಿಸ್ತೀನಿ,” ಅಂದೆ. ಅವನಿಗಾಗಿ ಅವನ ಜನರ ನೆಲವನ್ನು ಹೆರೆದೆ. ಮಾರನೆಯ ದಿನ ನೀನೇ ಅವನನ್ನು ಕರೆದು, ನನ್ನೆದುರೇ ನಕ್ಷೆ ತೋರಿಸಿ, “ನೋಡು, ಇದು ಯಾರ ಕೈ ಅಂತ,” ಅಂದೆ. ಅವನು ಆ ನುಣುಪು ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಸರಪಳಿಯನ್ನು ಎಂದಿನಂತೆ ಕೊಂಡಿ ಕೊಂಡಿ ಜೋಡಿಸಿ, ಮೊಳೆಗೆ ತೂಗುಹಾಕಿ ಹೊರಟುಹೋದ. ಸರಪಳಿ ಕದ್ದ ಎಂದು ಅವನನ್ನು ವಜಾ ಮಾಡಿದೆ. ಅದು ಆ ಮೊಳೆಯ ಮೇಲೇ ಇತ್ತು. ನಾನು ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತಂತೆ.

ತೂತುಗಳನ್ನು ಬೇಕೆಂದೇ ಬಿಟ್ಟಿರಾ ಎಂದು ಅಧ್ಯಕ್ಷರು ಕೇಳಿದರು. ಹೌದು ಅಂದಿದ್ದರೆ ನನ್ನ ಪಾಪ ಅರ್ಧ ಇಳಿಯುತ್ತಿತ್ತು. ಇಲ್ಲ, ಮರೆತೆ, ಅಂದೆ. ಯಾಕೆ ಮರೆತೆ ಎಂದು ಯಾರೂ ಕೇಳಲಿಲ್ಲ. ನೀನು ಮಾತು ಕೊಟ್ಟಿದ್ದೆಯಲ್ಲ ಅಣ್ಣಾ, ಅಪ್ಪ ಒಪ್ಪುತ್ತಾರೆ ಅಂತ. ಅದನ್ನು ಅವನಿಗೆ ಹೇಳುವ ಅವಸರ ನನಗೆ. ಮೇಣ ಕಾಯಿಸುವಷ್ಟೂ ತಾಳ್ಮೆ ಇರಲಿಲ್ಲ. ನಿನ್ನ ಸುಳ್ಳನ್ನು ನಂಬಿ ಓಡಿಹೋದೆನಲ್ಲ, ಅದರಿಂದಲೇ ನೀನು ಸಿಕ್ಕಿಬಿದ್ದೆ.

ವಿಚಾರಣೆ ಮುಗಿದ ದಿನ ಮೊಗಸಾಲೆಯಲ್ಲಿ ಒಬ್ಬಳೇ ನಿಂತಿದ್ದೆ. ನರ್ಸಮ್ಮ ಬಂದು, “ಅತ್ತಿಗೆ, ಮನೆಗೆ ಹೋಗೋಣ್ವಾ?” ಅಂದಳು. ನಾನು ಗೋಡೆ ಹಿಡಿದುಕೊಂಡೆ. “ಕ್ಷಮಿಸಿದ್ದೀನಿ ಅಂತಲ್ಲ,” ಅಂದಳು. “ಅಣ್ಣ ನಿಮ್ಮನ್ನ ನಮ್ಮನೇಲಿ ಹಾಗೇ ಕರೀಬೇಕು ಅಂತ ನನಗೆ ಹೇಳಿಕೊಟ್ಟಿದ್ದ. ಬೇಡ ಅಂತ ಆಮೇಲೆ ಯಾವತ್ತೂ ಹೇಳಲಿಲ್ಲ.”

ಮಂಗಳವಾರ ತಪ್ಪಿಸಬೇಡ. ನಾನು ಚಹಾ ತರುವಾಗ ಅವಳು ನನ್ನನ್ನು ಹಾಗೆ ಕರೆಯುತ್ತಾಳೆ. ನೀನು ಅಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳಬೇಕು.